ಬಾಗಿಲಿನ ಕ್ರಿಸ್‌ಮಸ್ ರೀತ್‌ಗೆ ಪೈನ್ ಬೇಡ, ಹಿಡಿಸೂಡಿ ಸಾಕು

ಮಂಗಳೂರಿನ ಫ್ಲ್ಯಾಟ್‌ನಲ್ಲಿದ್ದೇವೆ, ಕ್ರಿಸ್‌ಮಸ್‌ಗೆ ಬಾಗಿಲಿಗೆ ತೂಗುಹಾಕುವ ರೀತ್ (ಎಲೆ, ಹೂ ಕಟ್ಟಿದ ದುಂಡಗಿನ ಅಲಂಕಾರ) ಮನೆಯಲ್ಲೇ ಮಾಡಬೇಕು, ಪ್ಲಾಸ್ಟಿಕ್ ಬೇಡ, ಆದರೆ ವಿಡಿಯೋದಲ್ಲಿ ತೋರಿಸುವ ಪೈನ್, ಹಾಲಿ ಎಲೆ ಇಲ್ಲಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಅದನ್ನು ಹುಡುಕುತ್ತಾ ಸುಮ್ನೆ ಅಲೆಯಬೇಡಿ. ನಾನು ಆರೇಳು ವರ್ಷದಿಂದ ಮಾಡುತ್ತಿದ್ದೇನೆ. ಮೊದಲ ಎರಡು ವರ್ಷ ಹಾಳು ಮಾಡಿದ್ದೇ ಜಾಸ್ತಿ.

ಎಲ್ಲಕ್ಕಿಂತ ಮೊದಲು, ಬಿಳಿ ಹೂ ಹಾಕಬೇಡಿ. ನಮ್ಮೂರಲ್ಲಿ ರೀತ್ ಅಂದರೆ ಜನರಿಗೆ ನೆನಪಾಗುವುದು ಸಾವಿನ ಮನೆ. ಮೊದಲ ವರ್ಷ ನಾನು ಬಿಳಿ ಸೇವಂತಿಗೆ ಸುತ್ತಿ ಬಾಗಿಲಿಗೆ ಹಾಕಿದ್ದೆ. ಪಕ್ಕದ ಮನೆಯ ಅಕ್ಕ ಲಿಫ್ಟಿನಿಂದ ಹೊರಗೆ ಬಂದವರು ಅಲ್ಲೇ ನಿಂತುಬಿಟ್ಟರು. ಮೆಲ್ಲ ಸ್ವರದಲ್ಲಿ, "ಎಂತ ಆಯ್ತು ಮಾರಾಯ್ರೆ, ಯಾರಿಗೆ?" ಅಂದರು. ನನ್ನ ಕೈಯಲ್ಲಿ ಅವರಿಗೇ ಕೊಡಲು ಹೊರಟಿದ್ದ ಕುಸ್ವಾರ್ ತಟ್ಟೆ, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆ!

ಈಗ ರಿಂಗ್. ಒಂದು ಹೊಸ ಹಿಡಿಸೂಡಿ, ಅಂದರೆ ತೆಂಗಿನ ಕಡ್ಡಿಯ ಪೊರಕೆ ತನ್ನಿ. ಐವತ್ತು ಕಡ್ಡಿ ಬಿಡಿಸಿ ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ. ಒಣ ಕಡ್ಡಿ ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ತೋಟ ಇರುವವರು ಗೊತ್ತಿದ್ದರೆ ಹಸಿ ಮಡಲಿನ (ತೆಂಗಿನ ಗರಿಯ) ಕಡ್ಡಿ ಇನ್ನೂ ಒಳ್ಳೆಯದು. ಕಡ್ಡಿಗಳನ್ನು ಜೋಡಿಸುವಾಗ ಒಂದರ ಬುಡದ ಪಕ್ಕ ಇನ್ನೊಂದರ ತುದಿ ಬರಬೇಕು. ಎಲ್ಲ ಬುಡವೂ ಒಂದೇ ಕಡೆ ಬಂದರೆ ಅಲ್ಲಿ ದಪ್ಪ, ಇನ್ನೊಂದು ಕಡೆ ಸಪೂರ, ಕೊನೆಗೆ ರಿಂಗ್ ಹೋಗಿ ಮೊಟ್ಟೆ ಆಗುತ್ತದೆ. ಒಂದು ಅಡಿ ಅಗಲದ ಬಕೆಟ್ಟಿಗೆ ಸುತ್ತಿ, ಎರಡೆರಡು ಇಂಚಿಗೆ ತೆಂಗಿನ ಹುರಿಯಿಂದ ಬಿಗಿಯಾಗಿ ಕಟ್ಟಿ. ಒಂದು ದಿನ ಬಕೆಟ್ಟಿನಲ್ಲೇ ಒಣಗಲಿ. ಕಬ್ಬಿಣದ ತಂತಿ ಬೇಡ. ನಮ್ಮ ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ನನ್ನ ಬಾಗಿಲಿನ ಬಿಳಿ ಪೈಂಟಿನ ಮೇಲೆ ಆ ಗೆರೆ ಇನ್ನೂ ಇದೆ.

ಎಲೆಯ ವಿಷಯಕ್ಕೆ ಬಂದರೆ, ನೋಡಲು ಪೈನ್‌ಗೆ ಹತ್ತಿರದ್ದು ಗಾಳಿಮರ (ಸರ್ವೆ ಮರ). ಪಣಂಬೂರು, ತಣ್ಣೀರುಬಾವಿ ಬೀಚಿನಲ್ಲಿ ಕೆಳಗೆ ಬಿದ್ದ ಹಸಿರು ಟಿಸಿಲು ಆರಿಸಿದರೆ ಸಾಕು, ಕೊಂಬೆ ಮುರಿಯಬೇಡಿ. ಪುಟ್ಟ ಕಾಯಿಗಳೂ ಅಲ್ಲೇ ಮರಳಲ್ಲಿ ಸಿಗುತ್ತವೆ, ಅವು ಪೈನ್ ಕಾಯಿಯ ಮರಿಗಳ ಹಾಗೇ ಇರುತ್ತವೆ. ಆದರೆ ಗಾಳಿಮರ ನಾಲ್ಕೈದು ದಿನದಲ್ಲಿ ಕಂದು ಬಣ್ಣಕ್ಕೆ ತಿರುಗಿ ಉದುರಲು ಶುರು. 23ಕ್ಕೆ ಕಟ್ಟಿದರೆ ಹಬ್ಬ ದಾಟುತ್ತದೆ. ಡಿಸೆಂಬರ್ 1ಕ್ಕೇ ಕಟ್ಟಿದರೆ ದಿನಾ ಗುಡಿಸುವುದೇ ಕೆಲಸ.

ಹಾಗಾಗಿ ನನ್ನ ಆಯ್ಕೆ ಹಲಸಿನ ಎಲೆ. ಶಿರ್ವದ ತವರು ಮನೆಯಿಂದ ಒಂದು ಚೀಲ ತರುತ್ತೇನೆ. ಹಸಿರು ಎಲೆ ಅರ್ಧ, ಹಣ್ಣಾಗಿ ಕೇಸರಿ ಬಣ್ಣಕ್ಕೆ ತಿರುಗಿ ಬಿದ್ದದ್ದು ಅರ್ಧ. ಕೊಟ್ಟೆ ಕಡುಬು ಬೇಯಿಸಲು ಹಲಸಿನ ಎಲೆ ಜೋಡಿಸಿ ಕೊಟ್ಟೆ ಕಟ್ಟುವುದನ್ನು ನೋಡಿದ್ದೀರಲ್ವಾ? ಹಾಗೇ ಕಡ್ಡಿಯ ಚೂರು ಚುಚ್ಚಬೇಕು, ಆದರೆ ಇಲ್ಲಿ ಒಂದೊಂದೇ ಎಲೆ. ಎಲೆಯನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುರುಳಿ ಸುತ್ತಿ, ಬುಡದಲ್ಲಿ ಕಡ್ಡಿ ಚುಚ್ಚಿ, ಆ ಕಡ್ಡಿಯನ್ನೇ ರಿಂಗಿನ ಹುರಿಯ ಒಳಗೆ ತೂರಿಸಿ. ಹೆಂಚು ಹೊದಿಸಿದ ಹಾಗೆ ಒಂದರ ಬುಡ ಇನ್ನೊಂದರ ಅಡಿಗೆ ಹೋಗಲಿ. ನಲವತ್ತು ಎಲೆ ಹಿಡಿಯುತ್ತದೆ. ಈ ಎಲೆ ದಪ್ಪ. ಒಣಗಿದರೂ ಸುರುಳಿ ಬಿಚ್ಚುವುದಿಲ್ಲ, ಬಣ್ಣ ಮಾತ್ರ ಬೆಲ್ಲದ ಹಾಗೆ ಆಗುತ್ತದೆ. ನನಗೆ ಅದೇ ಇಷ್ಟ. ಮಾವಿನ ಎಲೆ ತೋರಣಕ್ಕೆ ಸರಿ, ಇದಕ್ಕೆ ಆಗುವುದಿಲ್ಲ, ಬೇಗ ಮುದುಡುತ್ತದೆ. ಜೊತೆಗೆ ಕೆಂಪು ಇರುವೆ ಬೇರೆ ಬರುತ್ತದೆ!

ಗ್ಲೂ ಗನ್ ನಂಬಬೇಡಿ. ನಮ್ಮ ಬಾಗಿಲು ಪಡುವಣ ದಿಕ್ಕಿಗೆ, ಕಾರಿಡಾರಿನಿಂದ ಸಂಜೆ ಬಿಸಿಲು ನೇರ ಬೀಳುತ್ತದೆ. ಎರಡನೇ ವರ್ಷ ಅಂಟು ಮೆತ್ತಗಾಗಿ ಕಾಯಿಗಳೆಲ್ಲ ಒಂದೊಂದಾಗಿ ಕಾಲೊರಸಿನ ಮೇಲೆ ಬಿದ್ದಿದ್ದವು. ಹುರಿ, ಬಾಳೆನಾರು, ದಾರ, ಯಾವುದಾದರೂ ಸರಿ, ಕಟ್ಟಿಯೇ ನಿಲ್ಲಿಸಿ.

ಕೆಂಪಿಗೆ ಏನು? ಕೇಪುಳ ಹೂ ಹಬ್ಬದ ಬೆಳಿಗ್ಗೆ ಸಿಕ್ಕಿಸಿದರೆ ಚೆಂದ, ಮರುದಿನಕ್ಕೆ ಬಾಡುತ್ತದೆ. ಗುಲಗಂಜಿ ಕೆಲವರು ಹಾಕುತ್ತಾರೆ, ಆ ಬೀಜ ವಿಷ. ಮಕ್ಕಳಿರುವ ಮನೆಗೆ ಅದು ಬೇಡವೇ ಬೇಡ. ಘಟ್ಟದ ಮೇಲೆ ನೆಂಟರಿದ್ದರೆ ಕಾಫಿ ಹಣ್ಣಿನ ಗೊಂಚಲು ತರಿಸಿಕೊಳ್ಳಿ, ಡಿಸೆಂಬರ್ ಕೊಯ್ಲಿನ ಕಾಲ. ಏನೂ ಸಿಗದಿದ್ದರೆ ಸ್ಯಾಟಿನ್ ರಿಬ್ಬನ್, ಹಂಪನಕಟ್ಟೆ ಕಡೆ ಯಾವ ಫ್ಯಾನ್ಸಿ ಅಂಗಡಿಯಲ್ಲೂ ಸಿಗುತ್ತದೆ. ಕ್ರೇಪ್ ಪೇಪರ್ ತೇವಕ್ಕೆ ಬಣ್ಣ ಬಿಡುತ್ತದೆ.

ಅಂದ ಹಾಗೆ, ನಾಲ್ಕು ಮೇಣದಬತ್ತಿ ಇರುವ ರೀತ್ ಬೇರೆ. ಅದು ಆಗಮನ ಕಾಲದ್ದು, ಅಂದರೆ ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳ ಕಾಲದ್ದು, ಮೇಜಿನ ಮೇಲೆ ಮಲಗಿಸಿಡುವುದು, ಮೂರು ನೇರಳೆ ಒಂದು ಗುಲಾಬಿ, ಭಾನುವಾರಕ್ಕೆ ಒಂದೊಂದು ಹಚ್ಚುವುದು. ಅದನ್ನು ನೋಡಿಕೊಂಡು ಬಾಗಿಲಿನದಕ್ಕೆ ಮೇಣದಬತ್ತಿ ಸಿಕ್ಕಿಸಬೇಡಿ, ಒಣ ಎಲೆ, ತೆಂಗಿನ ಹುರಿ, ಗೊತ್ತಲ್ವಾ.

ತೂಗುಹಾಕಲು ಮೊಳೆ ಹೊಡೆಯಬೇಕಾಗಿಲ್ಲ. ಉದ್ದ ರಿಬ್ಬನ್ನನ್ನು ಬಾಗಿಲಿನ ಮೇಲಿನಿಂದ ಹಾಯಿಸಿ ಒಳಗಿನ ಕಡೆ ಡ್ರಾಯಿಂಗ್ ಪಿನ್ ಚುಚ್ಚಿ. ಹೊರಗೆ ಗ್ರಿಲ್ ಬಾಗಿಲಿದ್ದರೆ ಗ್ರಿಲ್ಲಿಗೇ ಕಟ್ಟಿ, ಎರಡರ ನಡುವೆ ಹಾಕಿದರೆ ಚಪ್ಪಟೆಯಾಗುತ್ತದೆ.

ಜನವರಿ 6ರ ಮೂವರು ರಾಜರ ಹಬ್ಬ ಮುಗಿದ ಮೇಲೆ ಎಲೆ ಕಿತ್ತು ಗಿಡದ ಬುಡಕ್ಕೆ ಹಾಕಿ, ರಿಂಗನ್ನು ಬಿಸಿಲಿಗೆ ಒಣಗಿಸಿ ಪೇಪರಿನಲ್ಲಿ ಸುತ್ತಿಡಿ. ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ನನ್ನ ಈಗಿನ ರಿಂಗಿಗೆ ನಾಲ್ಕನೇ ವರ್ಷ. ಒಂದು ಕಡೆ ಸ್ವಲ್ಪ ಸೊಟ್ಟಗಾಗಿದೆ, ರಿಬ್ಬನ್ನಿನ ಗಂಟು ಅಲ್ಲಿಗೇ ಕಟ್ಟುತ್ತೇನೆ.