ತೋಟದ ಲೆಕ್ಕಕ್ಕೆ ಒಂದಕ್ಷರದ ಕಮಾಂಡ್

ಪ್ರಶ್ನೆ: ಸರ್, ಸಕಲೇಶಪುರದ ಹತ್ತಿರ ನಮ್ಮದು ಕಾಫಿ ತೋಟ. ಮಳೆ ಲೆಕ್ಕ, ಸ್ಪ್ರೇ ಮಾಡಿದ ದಿನ, ಗೊಬ್ಬರ ಎಲ್ಲ ಮೊಬೈಲ್ ಆ್ಯಪ್‌ನಲ್ಲಿ ಬರೆದಿಡುತ್ತಿದ್ದೆ. ಫೋನ್ ಕೆಟ್ಟು ಎರಡು ವರ್ಷದ ಟಿಪ್ಪಣಿ ಹೋಯಿತು. ಮನೆಯಲ್ಲಿ ಉಬುಂಟು (ವಿಂಡೋಸ್ ಥರದ ಇನ್ನೊಂದು ಆಪರೇಟಿಂಗ್ ಸಿಸ್ಟಮ್) ಇರುವ ಹಳೇ ಲ್ಯಾಪ್‌ಟಾಪ್ ಇದೆ. ಮಳೆಗಾಲದಲ್ಲಿ ನೆಟ್‌ವರ್ಕ್ ಸಿಗಲ್ಲ. ಕಮಾಂಡ್ ಟೈಪ್ ಮಾಡುವ ಕಿಟಕಿ ಇದೆಯಲ್ಲ, ಆ ಟರ್ಮಿನಲ್‌ನಲ್ಲೇ ಬರೆದಿಡಬಹುದಾ?

ಉತ್ತರ: ಖಂಡಿತ. ಹೊಸದಾಗಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ನೆಟ್ಟೂ ಬೇಡ. ಮಳೆ ಅಳೆದ ಕೂಡಲೇ ಡೈರಿಯಲ್ಲಿ ಒಂದು ಸಾಲು ಬರೆಯುತ್ತಾರಲ್ವಾ, ಅದೇ ಕೆಲಸ ಇದು. ವರ್ಷಕ್ಕೊಂದು ಟೆಕ್ಸ್ಟ್ ಫೈಲ್, ದಿನಕ್ಕೊಂದೆರಡು ಸಾಲು.

ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ಬ್ಯಾಶ್‌ಆರ್‌ಸಿ (.bashrc) ಅಂತ ಒಂದು ಫೈಲ್ ಇರುತ್ತದೆ, ಟರ್ಮಿನಲ್ ತೆರೆದಾಗಲೆಲ್ಲ ಅದು ಓದುವ ಸೆಟ್ಟಿಂಗ್ ಫೈಲ್. ಅದರಲ್ಲಿ ‘ಎನ್’ ಹೆಸರಿನ ಪುಟ್ಟ ಫಂಕ್ಷನ್, ಅಂದರೆ ನಮ್ಮದೇ ಕಮಾಂಡ್, ಬರೆಯಿರಿ. ಅದು ಎಕೋ ಕಮಾಂಡ್‌ನಿಂದ ಇವತ್ತಿನ ತಾರೀಕು, ನೀವು ಟೈಪ್ ಮಾಡಿದ ಮಾತು ಎರಡನ್ನೂ ಸೇರಿಸಿ ಫೈಲಿನ ಕೊನೆಗೆ ಹಾಕಬೇಕು. ಡೇಟ್ ಕಮಾಂಡ್‌ಗೆ ಪ್ಲಸ್, ಪರ್ಸೆಂಟ್, ಕ್ಯಾಪಿಟಲ್ ಎಫ್ ಕೊಟ್ಟರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರುತ್ತದೆ. ಆಮೇಲೆ ಹೊಸದಾಗಿ ಟರ್ಮಿನಲ್ ತೆರೆದು ಎನ್ ಒತ್ತಿ, ಮಾತನ್ನು ಡಬಲ್ ಕೋಟ್ಸ್ ಒಳಗೆ ಬರೆದರೆ ಫೈಲಿನಲ್ಲಿ ಹೀಗೆ ಕೂರುತ್ತದೆ:

2025-03-18 ಹೂಮಳೆ 1 ಇಂಚು 10 ಸೆಂಟ್, ಕೆರೆಬದಿ ರೊಬಸ್ಟಾ

(ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಮಳೆ, ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ, ರೊಬಸ್ಟಾ ಒಂದು ಬಗೆಯ ಕಾಫಿ.) ಒಂದು ಕಡೆ ಮಾತ್ರ ತುಂಬಾ ಜೋಪಾನ. ಕೊನೆಗೆ ಸೇರಿಸಲು ‘>>’ ಹಾಕಬೇಕು. ಒಂದೇ ‘>’ ಹಾಕಿದರೆ ಹಳೇದೆಲ್ಲ ಅಳಿಸಿಹೋಗಿ ಹೊಸ ಸಾಲೊಂದೇ ಉಳಿಯುತ್ತದೆ. ಅದಕ್ಕೇ ಪ್ರತಿ ಸಲ ಕೈಯಲ್ಲಿ ಟೈಪ್ ಮಾಡುವುದು ಬೇಡ, ಫಂಕ್ಷನ್ ಒಳಗೇ ಇರಲಿ ಅಂದೆ.

ಹುಡುಕಲು ಗ್ರೆಪ್ ಇದೆ. 1970ರ ದಶಕದಿಂದಲೂ ಬಳಕೆಯಲ್ಲಿರುವ ಗಟ್ಟಿ ಕಮಾಂಡ್. ‘ಹೂಮಳೆ’ ಅಂತ ಕೊಟ್ಟರೆ ಎಲ್ಲ ವರ್ಷದ ಹೂಮಳೆ ಸಾಲುಗಳೂ ಒಟ್ಟಿಗೆ ಬರುತ್ತವೆ. ಆದರೆ ಅದು ಅಕ್ಷರ ನೋಡುತ್ತದೆ, ಅರ್ಥ ನೋಡುವುದಿಲ್ಲ. ಒಂದು ದಿನ ರೊಬಸ್ಟಾ, ಇನ್ನೊಂದು ದಿನ ರೋಬಸ್ಟಾ ಅಂತ ಬರೆದರೆ ಅರ್ಧದಷ್ಟು ಸಾಲುಗಳು ಸಿಗುವುದೇ ಇಲ್ಲ. ಪ್ಲಾಟಿನ ಹೆಸರು, ಔಷಧಿ ಹೆಸರು ಹೇಗೆ ಬರೆಯುತ್ತೀರಿ ಅಂತ ಮೊದಲ ದಿನವೇ ತೀರ್ಮಾನ ಮಾಡಿ. ಯೂನಿಕೋಡ್‌ನಲ್ಲೇ ಬರೆಯಿರಿ.

ಕೆಲವು ಟರ್ಮಿನಲ್‌ಗಳಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಗಾಬರಿ ಬೇಡ, ಫೈಲ್ ಸರಿಯಾಗೇ ಇರುತ್ತದೆ. ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಓದಿ.

ಇನ್ನು ಬ್ಯಾಕಪ್. ಲ್ಯಾಪ್‌ಟಾಪೂ ಒಂದು ದಿನ ಕೆಡುತ್ತದೆ. ಕೂಲಿ ಬಟವಾಡೆ ಮಾಡುವ ದಿನವೇ ಈ ಟೆಕ್ಸ್ಟ್ ಫೈಲುಗಳನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಪೆನ್‌ಡ್ರೈವನ್ನು ಬೀರುವಿನಲ್ಲಿಡಿ. ಇಡೀ ವರ್ಷದ ಫೈಲು ಮೊಬೈಲಿನ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ.