ಮೂವತ್ತರ ಆಸುಪಾಸಿನಲ್ಲಿ ದೊಡ್ಡವರಾಗುವವರ ಬಗ್ಗೆ ಒಳ್ಳೆಯ ಸಿನಿಮಾ ಯಾವುವು?

ನಿಮಗೆ 31 ವರ್ಷ, ಕೆಲಸ ಇದೆ, ಸಂಬಳ ಬರುತ್ತದೆ, ಆದರೂ ದೊಡ್ಡವನಾದೆ ಅಂತ ಅನ್ನಿಸುತ್ತಲೇ ಇಲ್ಲ. ಈ ವಯಸ್ಸಿನ ತಳಮಳದ ಬಗ್ಗೆ ಸಿನಿಮಾ ಇದ್ದರೆ ಹೇಳಿ, ಕಾಲೇಜು ಹುಡುಗರ ಕಥೆ ಬೇಡ ಎಂದು ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿ ನನ್ನದೇ ಒಂದು ರಾತ್ರಿ ನೆನಪಾಯಿತು. ಅದನ್ನು ಹೇಳದೆ ಸಿನಿಮಾದ ಮಾತಿಗೆ ಬರಲಾರೆ.

ಆಗ ನನಗೆ 32. ಅಪ್ಪನಿಗೆ ರಾತ್ರಿ ಹನ್ನೊಂದರ ಹೊತ್ತಿಗೆ ಎದೆನೋವು ಬಂತು. ಆಸ್ಪತ್ರೆಗೆ ಕರೆದುಕೊಂಡು ಓಡಿದೆ. ಒಳಗೆ ಸೇರಿಸಿಕೊಳ್ಳುವ ಮುಂಚೆ ನರ್ಸ್ ಒಂದೊಂದೇ ಕೇಳುತ್ತಾ ಬಂದರು: ಬಿಪಿಗೆ ಯಾವ ಮಾತ್ರೆ ತಗೋತಾರೆ, ಎಷ್ಟು ವರ್ಷದಿಂದ, ಯಾವುದಾದರೂ ಔಷಧಿ ಒಗ್ಗಲ್ವಾ, ಹಿಂದೆ ಆಪರೇಷನ್ ಏನಾದರೂ ಆಗಿತ್ತಾ? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮನೆಗೆ ಫೋನ್ ಮಾಡಿದೆ. ಅಮ್ಮ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದರು. ಬೆಳಗಾಗುವಷ್ಟರಲ್ಲಿ ಅಪ್ಪ ಚೇತರಿಸಿಕೊಂಡರು. ನನಗೆ ಮಾತ್ರ ಆ ಪ್ರಶ್ನೆಗಳು ಇವತ್ತಿಗೂ ಬಿಟ್ಟಿಲ್ಲ.

ಅದಾದ ಕೆಲವು ವಾರಗಳಿಗೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎರಡನೇ ಸಲ ನೋಡಿದೆ. 2016ರ ಚಿತ್ರ, ನಿರ್ದೇಶಕ ಹೇಮಂತ್ ರಾವ್ ಅವರ ಮೊದಲನೆಯದು. ಮೊದಲ ಸಲ ನೋಡಿದಾಗ ಎಲ್ಲರಂತೆ ನಾನೂ ಅನಂತ್ ನಾಗ್ ಅವರನ್ನೇ ನೋಡಿದ್ದೆ. ಮರೆವಿನ ಕಾಯಿಲೆಯ ವೆಂಕೋಬ ರಾವ್ ಆಗಿ ಅವರು ತೆರೆಯ ಮೇಲಿದ್ದರೆ ಬೇರೆಯವರ ಕಡೆ ಕಣ್ಣು ಹೋಗುವುದಾದರೂ ಹೇಗೆ? ಎರಡನೇ ಸಲ ಅದು ಮಗ ಶಿವನ ಕಥೆಯಾಗಿ ಕಂಡಿತು. ಅವನು ಮುಂಬೈಯಲ್ಲಿ ಕೆಲಸ ಮಾಡುವವನು. ಅಪ್ಪನನ್ನು ನೋಡಿಕೊಳ್ಳಲು ಬೇರೆಯವರಿದ್ದಾರೆ. ಊರಿಗೆ ಬಂದಾಗ ಹೊರಗೆ ಕರೆದುಕೊಂಡು ಹೋಗುತ್ತಾನೆ, ಅಪ್ಪ ಕಳೆದುಹೋಗುತ್ತಾರೆ. ಹೆಸರಿನಲ್ಲೇ ಇದೆ ನೋಡಿ ಇಡೀ ಸಿನಿಮಾ. ‘ಕಾಣೆಯಾಗಿದ್ದಾರೆ’ ಪ್ರಕಟಣೆಯಲ್ಲಿ ನಾವು ಎಷ್ಟು ಸಲ ಓದಿಲ್ಲ ಆ ಮಾತುಗಳನ್ನು: ಗೋಧಿ ಬಣ್ಣ, ಸಾಧಾರಣ ಮೈಕಟ್ಟು. ಯಾರ ಅಪ್ಪನಿಗೆ ಬೇಕಾದರೂ ಹೊಂದುವ ಮಾತು ಅದು. ತನ್ನ ಅಪ್ಪನನ್ನೇ ಗುರುತಿಸುವಂಥ ಒಂದು ವಿವರ ಬೇಕೆಂದರೆ ಶಿವ, ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರ್ ಸಹನಾಳನ್ನು ಕೇಳಬೇಕು. ಅಪ್ಪ ಅವಳ ಹತ್ತಿರ ಹೇಳಿಕೊಂಡಿದ್ದ ಕಥೆಗಳನ್ನು ಅವಳ ಬಾಯಿಂದ ಕೇಳುತ್ತಾ ಊರೆಲ್ಲ ಹುಡುಕುತ್ತಾನೆ. ಆ ಹುಡುಗ ದೊಡ್ಡವನಾಗುವುದು ಅಲ್ಲಿ. ನನ್ನನ್ನು ಹೆತ್ತವನಿಗೂ ಒಂದು ಯೌವನ ಇತ್ತು, ಒಂದು ಪ್ರೀತಿ ಇತ್ತು, ಅದರಲ್ಲಿ ನಾನು ಇರಲೇ ಇಲ್ಲ ಎಂದು ಗೊತ್ತಾಗುವ ವಯಸ್ಸು ಬಹುಶಃ ಮೂವತ್ತೇ ಇರಬೇಕು.

ಚಿತ್ರದಲ್ಲಿ ಅಪರಾಧಿಗಳ ಒಂದು ಎಳೆಯೂ ಇದೆ. ಅದು ಸ್ವಲ್ಪ ಉದ್ದವಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಅದಕ್ಕಾಗಿ ನೋಡುವುದನ್ನು ಬಿಡಬೇಡಿ.

ಮೂವತ್ತರ ಈ ತಳಮಳವನ್ನೇ ದೂರದ ನಾರ್ವೆಯಿಂದ ಹೇಳಿದ್ದು ‘ದಿ ವರ್ಸ್ಟ್ ಪರ್ಸನ್ ಇನ್ ದಿ ವರ್ಲ್ಡ್’. ಯೋಕಿಮ್ ಟ್ರಿಯರ್ ನಿರ್ದೇಶನ, 2021. ಜೂಲಿಯ ಪಾತ್ರಕ್ಕಾಗಿ ರೆನಾಟೆ ರೈನ್ಸ್‌ವೆಗೆ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ವೈದ್ಯಕೀಯ ಓದಲು ಹೋದ ಜೂಲಿ ಅದನ್ನು ಬಿಟ್ಟು ಮನಃಶಾಸ್ತ್ರ, ಅದನ್ನೂ ಬಿಟ್ಟು ಫೋಟೊಗ್ರಫಿ ಹಿಡಿಯುತ್ತಾಳೆ. ಅವಳ ಮೂವತ್ತನೇ ಹುಟ್ಟುಹಬ್ಬದ ದೃಶ್ಯವೊಂದಿದೆ. ಬೆನ್ನುನೋವಿನ ನೆಪ ಹೇಳಿ ಅಪ್ಪ ಬರುವುದಿಲ್ಲ. ಆಗ ಹಿನ್ನೆಲೆಯ ದನಿ ಅವಳ ಅಮ್ಮ, ಅಜ್ಜಿ, ಮುತ್ತಜ್ಜಿ ಮೂವತ್ತರಲ್ಲಿ ಏನು ಮಾಡುತ್ತಿದ್ದರೆಂದು ಹೇಳುತ್ತಾ ಹಿಂದಕ್ಕೆ ಹಿಂದಕ್ಕೆ ಹೋಗುತ್ತದೆ. ಆ ದೃಶ್ಯ ನೋಡಿ ನಾನು ಮನಸ್ಸಿನಲ್ಲೇ ನಮ್ಮ ಮನೆಯ ಲೆಕ್ಕ ಹಾಕಿದೆ. ಮೂವತ್ತಕ್ಕೆ ನಮ್ಮಮ್ಮನಿಗೆ ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಅವರಿಗೆ ‘ನಾನು ಇನ್ನೂ ಸಿದ್ಧವಾಗಿಲ್ಲ’ ಅನ್ನಲು ಯಾರೂ ಅವಕಾಶ ಕೊಡಲಿಲ್ಲ. ಜೂಲಿ ತೆಗೆದುಕೊಳ್ಳುವ ನಿರ್ಧಾರಗಳೆಲ್ಲ ನನಗೆ ಒಪ್ಪಿಗೆ ಇಲ್ಲ. ಆದರೆ ಅವಳನ್ನು ತಿದ್ದಬೇಕೆಂಬ ಆತುರ ಚಿತ್ರಕ್ಕಿಲ್ಲ, ಅದೇ ಅದರ ದೊಡ್ಡತನ.

ಮಲಯಾಳಂನ ‘ಮಹೇಶಿಂಟೆ ಪ್ರತೀಕಾರಂ’ ಕೂಡ 2016ರದ್ದೇ, ದಿಲೀಶ್ ಪೋತನ್ ನಿರ್ದೇಶನ. ಇಡುಕ್ಕಿಯ ಸಣ್ಣ ಊರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡ ಮಹೇಶ ಬೀದಿಯಲ್ಲಿ ಎಲ್ಲರೆದುರು ಏಟು ತಿಂದು, ಸೇಡು ತೀರಿಸುವವರೆಗೆ ಚಪ್ಪಲಿ ಮೆಟ್ಟುವುದಿಲ್ಲ ಎಂದು ಹಟ ಹಿಡಿಯುತ್ತಾನೆ. ಹೆಸರಿನಂತೆ ಸೇಡಿನ ಕಥೆಯೇ. ನನಗೆ ಮುಖ್ಯವಾದದ್ದು ಮಾತ್ರ ಅವನ ಕ್ಯಾಮೆರಾ. ಅಷ್ಟು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದುಕೊಂಡಿದ್ದವನಿಗೆ, ನೀನು ತೆಗೆದದ್ದು ಚೆನ್ನಾಗಿಲ್ಲ ಎಂದು ಒಬ್ಬಳು ಹುಡುಗಿ ಮುಖಕ್ಕೇ ಹೇಳುತ್ತಾಳೆ. ಅಪ್ಪನೂ ಫೋಟೊಗ್ರಾಫರ್, ಹೆಚ್ಚು ಮಾತಿಲ್ಲದ ಮನುಷ್ಯ. ಅವರು ಹೇಗೆ ನೋಡುತ್ತಾರೆ, ಒಂದು ಚಿತ್ರಕ್ಕಾಗಿ ಹೇಗೆ ಕಾಯುತ್ತಾರೆ ಎನ್ನುವುದು ಅವನಿಗೆ ಆಮೇಲೆ ಕಾಣತೊಡಗುತ್ತದೆ. ಇಷ್ಟು ದಿನ ಅದೇ ಮನೆಯಲ್ಲಿ ಇದ್ದವನಿಗೆ!

‘ಒಂದು ಮೊಟ್ಟೆಯ ಕಥೆ’ (2017, ರಾಜ್ ಬಿ. ಶೆಟ್ಟಿ) ನಿಮಗೆ ಗೊತ್ತೇ ಇರುತ್ತದೆ. ಮಂಗಳೂರಿನ ಕನ್ನಡ ಮೇಷ್ಟ್ರು ಜನಾರ್ದನನಿಗೆ 28 ವರ್ಷ, ತಲೆ ಬೋಳಾಗುತ್ತಿದೆ, ಹೆಣ್ಣು ಸಿಗುತ್ತಿಲ್ಲ. ತನ್ನ ರೂಪ ನೋಡಿ ಬೇರೆಯವರು ಮಾಡಿದ್ದನ್ನೇ ತಾನೂ ಒಬ್ಬ ಹುಡುಗಿಗೆ ಮಾಡುತ್ತಿದ್ದೇನೆ ಎಂದು ಅವನಿಗೆ ಹೊಳೆಯುವ ಭಾಗವನ್ನು ಗಮನವಿಟ್ಟು ನೋಡಿ.

ಮೂವರು ಗೆಳೆಯರು ಸ್ಪೇನ್ ಸುತ್ತುವ ಹಿಂದಿಯ ‘ಜಿಂದಗಿ ನಾ ಮಿಲೇಗಿ ದೊಬಾರಾ’ವನ್ನು ತುಂಬಾ ಜನ ಹೇಳುತ್ತಾರೆ. ನನಗೂ ಇಷ್ಟದ ಚಿತ್ರವೇ. ಆದರೆ ಸ್ಪೇನ್ ಪ್ರವಾಸ ಮುಗಿಸಿ ಬಂದ ಮೇಲಿನ ಸೋಮವಾರ ಅದರಲ್ಲಿಲ್ಲ. ನಿಮ್ಮ ಪ್ರಶ್ನೆ ಇರುವುದು ಆ ಸೋಮವಾರದ ಬಗ್ಗೆ ಎಂದುಕೊಂಡೆ.

ಮೊದಲು ‘ಗೋಧಿ ಬಣ್ಣ’ ನೋಡಿ, ಆಗುವುದಾದರೆ ಊರಿಗೆ ಹೋದಾಗ. ನಾನು ಮೂರನೇ ಸಲ ಅಪ್ಪನ ಜೊತೆ ಕೂತು ನೋಡಿದೆ. ಮಧ್ಯದಲ್ಲಿ ನಿಲ್ಲಿಸಿ, ಮದುವೆಗೆ ಮುಂಚೆ ನೀವು ಯಾವ ರೂಮಿನಲ್ಲಿ ಇದ್ದಿರಿ, ಜೊತೆಗೆ ಯಾರಿದ್ದರು ಅಂತ ಕೇಳಿದೆ. ಸಿನಿಮಾದ ಉಳಿದ ಭಾಗ ನೋಡಿದ್ದು ಮರುದಿನ.