ಮಗ ಕೇಳುತ್ತಿರುವ ಬೋಟು, ತಾತನ ಕಾಲದ ಗದ್ದೆ

ಪ್ರಶ್ನೆ: ನಾನು ಪಾಂಡವಪುರ ತಾಲ್ಲೂಕಿನ ನಿವೃತ್ತ ಪ್ರೌಢಶಾಲಾ ಶಿಕ್ಷಕ. ನಾಲೆಯ ಬಯಲಿನಲ್ಲಿ ತಾತನ ಕಾಲದ ಎರಡೂವರೆ ಎಕರೆ ಪಿತ್ರಾರ್ಜಿತ ಗದ್ದೆಯಿದೆ. ಮೂವತ್ತನಾಲ್ಕು ವರ್ಷದ ಮಗ ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾದಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಸಮುದ್ರದಲ್ಲಿ ಅತಿ ವೇಗವಾಗಿ ಓಡುವ, 33 ಅಡಿ ಉದ್ದದ, 415 ಎಚ್‌ಪಿಯ ಎರಡು ಪೆಟ್ರೋಲ್ ಎಂಜಿನ್‌ಗಳಿರುವ 1999ರ ಬೋಟೊಂದನ್ನು ಟ್ರೈಲರ್ ಸಮೇತ 58,000 ಡಾಲರಿಗೆ ಕೊಳ್ಳಬೇಕೆಂದಿದ್ದಾನೆ. ಅವನ ಬಳಿ 30,000 ಡಾಲರ್ ಇದೆಯಂತೆ. ಉಳಿದದ್ದಕ್ಕೆ, ಅಂದರೆ ಸುಮಾರು ಇಪ್ಪತ್ತೈದು ಲಕ್ಷ ರೂಪಾಯಿಗೆ, ಒಂದು ಎಕರೆ ಮಾರಿ ಕೊಡಿ, ಮೂರು ವರ್ಷದಲ್ಲಿ ತೀರಿಸುತ್ತೇನೆ ಎನ್ನುತ್ತಾನೆ. ಪಕ್ಕದ ಗದ್ದೆಯವರು ಮುಂಗಡ ಕೊಡಲು ಸಿದ್ಧರಿದ್ದಾರೆ. ಮೈಸೂರಿನಲ್ಲಿರುವ ಮಗಳಿಗೆ ಇನ್ನೂ ತಿಳಿಸಿಲ್ಲ. ನನ್ನ ಹೆಂಡತಿ ಊಟ ನಿದ್ದೆ ಬಿಟ್ಟಿದ್ದಾಳೆ. ಹಳೆಯ ಟ್ರ್ಯಾಕ್ಟರ್ ಕೊಳ್ಳುವಾಗ ಶ್ರೀರಂಗಪಟ್ಟಣದ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದಿದ್ದೆ. ಇದನ್ನು ಯಾರಿಗೆ ತೋರಿಸಲಿ? ಇಲ್ಲ ಎಂದರೆ ಮಗ ದೂರವಾಗುತ್ತಾನೆ, ಹ್ಞೂಂ ಎಂದರೆ ಹಣವೂ ಮಗನೂ ನೀರುಪಾಲಾಗುವ ಭಯ. ಏನು ಮಾಡಲಿ?

ಉತ್ತರ: ಮಾನ್ಯರೇ, ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗದ್ದೆ ಮಾರಬೇಡಿ. ಆದರೆ ಬೋಟಿನ ವಿಷಯದಲ್ಲಿ ಮಗನಿಗೆ ಈಗಲೇ ಇಲ್ಲವೆಂದೂ ಹೇಳಬೇಡಿ. ಇವೆರಡೂ ಒಂದೇ ಪ್ರಶ್ನೆಯೆಂದು ನೀವು ಭಾವಿಸಿರುವುದರಿಂದಲೇ ಇಷ್ಟು ಸಂಕಟ ಪಡುತ್ತಿದ್ದೀರಿ. ಹಳೆಯ ಟ್ರ್ಯಾಕ್ಟರನ್ನು ಹೇಗೆ ನೋಡಿ ಕೊಂಡಿರೋ ಹಾಗೆಯೇ ಈ ಬೋಟನ್ನೂ ನೋಡಬೇಕು. ಒಂಬತ್ತು ಸಾವಿರ ಮೈಲಿ ದೂರದಿಂದಲೂ, ಸರಿಯಾದ ಪ್ರಶ್ನೆಗಳನ್ನು ಕೇಳಿ, ಮಗನ ಕಣ್ಣಿನಿಂದ ನೀವು ಅದನ್ನು ನೋಡಬಹುದು. ಅವನು ಕೊಡುವ ಉತ್ತರಗಳಿಂದ ಬೋಟಿನ ಸ್ಥಿತಿಯ ಜೊತೆಗೆ ಅವನ ತಯಾರಿ ಎಷ್ಟೆಂಬುದೂ ನಿಮಗೆ ಗೊತ್ತಾಗುತ್ತದೆ.

ರಂಗನತಿಟ್ಟಿನಲ್ಲಿ ಹುಟ್ಟು ಹಾಕುತ್ತಾ ಹಕ್ಕಿ ತೋರಿಸುವ ದೋಣಿಯನ್ನು ಕಂಡ ನಮಗೆ ಮಗ ಕೇಳುತ್ತಿರುವ ವಸ್ತುವಿನ ಅಂದಾಜು ಸಿಗುವುದು ಕಷ್ಟ. ಅಲೆಗಳ ಮೇಲೆ ಚಪ್ಪಟೆ ತಳದ ಬೋಟು ವೇಗವಾಗಿ ಓಡಿದರೆ ಪ್ರತಿ ಅಲೆಗೂ ಬಡಿದು ಒಳಗಿದ್ದವರ ಬೆನ್ನು ಮುರಿಯುತ್ತದೆ. ತಳವನ್ನು ಮುಂದಿನಿಂದ ಹಿಂದಿನವರೆಗೆ ಆಳವಾದ ‘ವಿ’ ಆಕಾರದಲ್ಲಿ ಕಟ್ಟಿದರೆ ಅದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ ಎಂಬುದನ್ನು ರೇ ಹಂಟ್ ಎಂಬ ವಿನ್ಯಾಸಕಾರ ತೋರಿಸಿಕೊಟ್ಟರು. ಅವರ ವಿನ್ಯಾಸದ ಬೋಟು 1960ರಲ್ಲಿ ಮಯಾಮಿಯಿಂದ ಬಹಾಮಾಸ್‌ನ ನಸಾವ್‌ಗೆ ನಡೆದ ಸಾಗರ ಓಟದಲ್ಲಿ ಗೆದ್ದ ಮೇಲೆ ಈ ಬಗೆಯ ಬೋಟುಗಳ ಪರಂಪರೆಯೇ ಬೆಳೆಯಿತು. ನಿಮ್ಮ ಮಗ ನೋಡಿರುವಂಥ ಬೋಟು ಗಂಟೆಗೆ ನೂರು ಕಿಲೋಮೀಟರ್ ದಾಟಬಲ್ಲದು. ಅವನು ಇರುವ ಊರೇ ಇಂಥ ಬೋಟುಗಳ ಸೀಮೆ. ಆದ್ದರಿಂದ ಅವನ ಆಸೆಯನ್ನು ಹುಚ್ಚೆಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಹಾಗಿದ್ದೂ, ಇಪ್ಪತ್ತೈದು ವರ್ಷ ದಾಟಿದ, ಉಪ್ಪುನೀರಿನಲ್ಲಿ ದುಡಿದ ಯಂತ್ರವೊಂದಕ್ಕೆ 58,000 ಡಾಲರ್ ಕೊಡುವ ಮುನ್ನ ಅದರ ಎಂಜಿನ್‌ಗಳನ್ನು ಬಿಚ್ಚುಗಣ್ಣಿನಿಂದ ನೋಡಬೇಕು. ಈ ಎಂಜಿನ್‌ಗಳು ಮೂಲತಃ ದೊಡ್ಡ ಕಾರು, ಟ್ರಕ್ಕುಗಳ ವಂಶಕ್ಕೆ ಸೇರಿದ ಎಂಟು ಸಿಲಿಂಡರಿನವು. ಕಾರಿನಲ್ಲಿ ಅಂಥ ಎಂಜಿನ್ ಹೆಚ್ಚಿನ ಹೊತ್ತು ಹಗುರವಾಗಿ ಓಡುತ್ತದೆ. ಬೋಟಿನಲ್ಲಿ ಅದು ಓಡುವಷ್ಟು ಹೊತ್ತೂ ಸದಾ ಏರು ಹತ್ತುತ್ತಲೇ ಇರುತ್ತದೆ. ಅದಕ್ಕಾಗಿಯೇ ಇವುಗಳ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆಯುತ್ತಾರೆ. ಮೀಟರಿನಲ್ಲಿ ಎಷ್ಟು ಗಂಟೆ ತೋರಿಸುತ್ತಿದೆ, ಎಂಜಿನ್‌ಗಳನ್ನು ಯಾವಾಗ ಬಿಚ್ಚಿ ಕಟ್ಟಿದರು, ಆ ಕೆಲಸದ ರಸೀದಿಗಳು ಇವೆಯೇ ಎಂದು ಮಗನನ್ನು ಕೇಳಿ. ಹದಿನಾರು ಸಿಲಿಂಡರುಗಳ ಕಂಪ್ರೆಷನ್ ಅಳತೆಯನ್ನೂ, ಅಂದರೆ ಪ್ರತಿಯೊಂದರೊಳಗೆ ಎಷ್ಟು ಒತ್ತಡ ಏರುತ್ತದೆ ಎಂಬುದನ್ನೂ ಕೇಳಿ. ಅಂಕಿಗಳು ಒಂದಕ್ಕೊಂದು ಹತ್ತಿರವಿರಬೇಕು, ಯಾವುದಾದರೂ ಒಂದು ಬಹಳ ಕೆಳಗಿದ್ದರೆ ಅಲ್ಲಿ ರೋಗವಿದೆ. ನೋಡಲು ಹೋದ ದಿನ ಎಂಜಿನ್ ತಣ್ಣಗಿರಬೇಕು. ಮಾರುವವನು ಮೊದಲೇ ಸ್ಟಾರ್ಟ್ ಮಾಡಿ ಬೆಚ್ಚಗಿಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ ಎಂಬುದು ಟ್ರ್ಯಾಕ್ಟರ್ ಕೊಂಡ ನಿಮಗೆ ಗೊತ್ತೇ ಇದೆ.

ಇಂಥ ಅನೇಕ ಬೋಟುಗಳಲ್ಲಿ ಸಮುದ್ರದ ನೀರೇ ಎಂಜಿನ್ನಿನ ಹೊಗೆಕೊಳವೆಯ ಸುತ್ತ ಹರಿದು ಅದನ್ನು ತಣಿಸುತ್ತದೆ. ಎರಕದ ಕಬ್ಬಿಣದ ಆ ಭಾಗವನ್ನು ಒಳಗಿನಿಂದಲೇ ತುಕ್ಕು ತಿನ್ನುತ್ತಾ ಬರುತ್ತದೆ. ಹೊರಗೆ ಹೊಸ ಬಣ್ಣ ಬಳಿದು ಮಿರುಗಿಸಿದ್ದರೂ ಒಳಗೆ ತೂತು ಬಿದ್ದ ದಿನ ಉಪ್ಪುನೀರು ನೇರವಾಗಿ ಸಿಲಿಂಡರಿಗೆ ಇಳಿಯುತ್ತದೆ, ಎಂಜಿನ್ ಅಲ್ಲಿಗೇ ಮುಗಿಯುತ್ತದೆ. ಅದನ್ನು ಕೊನೆಯದಾಗಿ ಯಾವ ವರ್ಷ ಬದಲಾಯಿಸಿದರೆಂಬುದಕ್ಕೆ ಬಾಯಿಮಾತಿನ ಉತ್ತರ ಸಾಲದು. ನೀರೊಳಗೆ ಫ್ಯಾನ್ ತಿರುಗಿಸುವ ಗೇರ್ ಭಾಗದ ಎಣ್ಣೆಯನ್ನು ತೊಟ್ಟಿಕ್ಕಿಸಿ ನೋಡಬೇಕು: ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೊಕ್ಕಿದೆ.

ಮೈಕಟ್ಟಿನ ಪರೀಕ್ಷೆ ಇನ್ನೂ ಸೂಕ್ಷ್ಮ. ಹೊರಗೆ ಫೈಬರ್ ಕಾಣಿಸಿದರೂ ಆ ಕಾಲದ ಅನೇಕ ಬೋಟುಗಳ ಹಿಂಬದಿಯ ಗೋಡೆಯೊಳಗೆ ಪ್ಲೈವುಡ್ ಇರುತ್ತದೆ. ಒಂದು ಸ್ಕ್ರೂ ತೂತಿನಿಂದ ನೀರು ಇಳಿದರೂ ಸಾಕು, ವರ್ಷಗಟ್ಟಲೆ ಅದು ಒಳಗೇ ಕೊಳೆಯುತ್ತದೆ. ಎರಡು ಎಂಜಿನ್‌ಗಳ ನೂಕುಬಲವನ್ನೆಲ್ಲ ತಡೆದುಕೊಳ್ಳುವುದು ಅದೇ ಗೋಡೆ. ಬಲ್ಲವರು ಪ್ಲಾಸ್ಟಿಕ್ ಸುತ್ತಿಗೆಯಿಂದ ಅಂಗುಲ ಅಂಗುಲವಾಗಿ ತಟ್ಟುತ್ತಾ ಹೋಗುತ್ತಾರೆ. ಗಟ್ಟಿಯಿರುವಲ್ಲಿ ಖಣಿಲೆನ್ನುವ ಸದ್ದು, ಕೊಳೆತಲ್ಲಿ ಮಂಕು ಸದ್ದು. ಅನುಮಾನ ಬಂದ ಕಡೆ ತೇವ ಅಳೆಯುವ ಮೀಟರ್ ಇಡುತ್ತಾರೆ. ಯಾರಿಗೆ ತೋರಿಸಲಿ ಎಂದು ನೀವು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಅಮೆರಿಕದಲ್ಲಿ ಇದನ್ನೇ ವೃತ್ತಿಯಾಗಿಸಿಕೊಂಡ ಮರೀನ್ ಸರ್ವೇಯರ್‌ಗಳಿದ್ದಾರೆ. ಸ್ಯಾಮ್ಸ್, ನ್ಯಾಮ್ಸ್ ಎಂಬ ಅವರ ವೃತ್ತಿ ಸಂಘಗಳೂ ಇವೆ. ಮಾರುವವನು ಸೂಚಿಸಿದವರನ್ನು ಬಿಟ್ಟು ಮಗನೇ ಹುಡುಕಿದ ಸರ್ವೇಯರ್ ಒಬ್ಬರು ಬೋಟನ್ನು ನೀರಿನಿಂದ ಮೇಲೆತ್ತಿಸಿ ನೋಡಬೇಕು, ಎಂಜಿನ್‌ಗಳನ್ನು ಬೇರೊಬ್ಬ ಮೆಕ್ಯಾನಿಕ್ ನೋಡಬೇಕು, ಆಮೇಲೆ ಸಮುದ್ರದಲ್ಲಿ ಪೂರ್ಣ ವೇಗದಲ್ಲಿ ಓಡಿಸಿ ತಾಪವನ್ನೂ ಆಯಿಲ್ ಒತ್ತಡವನ್ನೂ ಬರೆದುಕೊಳ್ಳಬೇಕು. ಇದಕ್ಕೆಲ್ಲ ಒಂದೆರಡು ಸಾವಿರ ಡಾಲರ್ ಖರ್ಚಾದೀತು. ಇದಕ್ಕೆ ಒಪ್ಪದ ಮಾರಾಟಗಾರನಿಂದ ಮಗ ಎದ್ದು ಬರಬೇಕು.

ಟ್ಯಾಂಪಾ ಎಂಬ ಹೆಸರು ಓದಿ ನನಗೆ ಇನ್ನೊಂದು ಆತಂಕವಾಯಿತು. 2024ರ ಸೆಪ್ಟೆಂಬರ್ ಕೊನೆಯಲ್ಲಿ ಹೆಲೀನ್ ಚಂಡಮಾರುತ ಬಂದಾಗ ಟ್ಯಾಂಪಾ ಕೊಲ್ಲಿಯ ದಂಡೆಗೆ ಸಮುದ್ರವೇ ಉಕ್ಕಿ ಬಂದಿತ್ತು. ಅದಕ್ಕೂ ಎರಡು ವರ್ಷ ಹಿಂದೆ ಇಯನ್ ಚಂಡಮಾರುತ ಅದೇ ರಾಜ್ಯದ ನೈಋತ್ಯ ಕರಾವಳಿಯನ್ನು ಬಡಿಯಿತು. ಉಪ್ಪುನೀರಿನಲ್ಲಿ ಮುಳುಗೆದ್ದ ಬೋಟನ್ನು ತೊಳೆದು, ಪಾಲಿಶ್ ಹಾಕಿ ಮಾರುವವರು ಇದ್ದೇ ಇರುತ್ತಾರೆ. ಬೋಟಿನ ಹಿಂಬದಿಯ ಬಲಭಾಗದಲ್ಲಿ ಹನ್ನೆರಡು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಮಾಲೀಕತ್ವದ ಪತ್ರದಲ್ಲಿರುವುದಕ್ಕೆ ತಾಳೆಯಾಗುತ್ತದೆಯೇ, ಅದರ ಮೇಲೆ ಸಾಲದ ಹೊರೆ ಇದೆಯೇ, ವಿಮೆ ಕಂಪನಿ ಹಿಂದೆ ನಷ್ಟ ಪರಿಹಾರ ಕೊಟ್ಟಿತ್ತೇ ಎಂಬುದನ್ನು ಮಗ ಲಿಖಿತವಾಗಿ ಪಡೆಯಲಿ.

ಇನ್ನು ಟ್ರೈಲರ್. ಬೋಟಿನ ಮೋಹದಲ್ಲಿ ಕೊಳ್ಳುವವರು ಅದನ್ನು ಬಿಟ್ಟಿ ಬಂದ ವಸ್ತುವೆಂದು ಭಾವಿಸುತ್ತಾರೆ. ಕಬ್ಬಿನ ಲೋಡು ಹೊತ್ತ ಟ್ರೈಲರಿನ ಬೇರಿಂಗ್ ನಡುರಸ್ತೆಯಲ್ಲಿ ಕೈಕೊಟ್ಟರೆ ಏನಾಗುತ್ತದೆಂದು ನೀವು ಕಂಡಿರುತ್ತೀರಿ, ಹಾಗಾಗಿ ಇಲ್ಲಿ ಮಗನಿಗಿಂತ ನಿಮ್ಮ ಮಾತಿಗೆ ಹೆಚ್ಚು ತೂಕವಿದೆ. ಈ ಗಾತ್ರದ ಬೋಟು, ಟ್ಯಾಂಕಿನ ಪೆಟ್ರೋಲ್, ಟ್ರೈಲರ್ ಎಲ್ಲವೂ ಸೇರಿದರೆ ಐದು ಟನ್ ದಾಟುವುದು ಸಾಮಾನ್ಯ. ಬೋಟನ್ನು ನೀರಿಗಿಳಿಸಲು ಟ್ರೈಲರನ್ನೂ ಸಮುದ್ರಕ್ಕೆ ಇಳಿಸುತ್ತಾರೆ. ಹೆದ್ದಾರಿಯಲ್ಲಿ ಓಡಿ ಕಾದ ಚಕ್ರದ ಹಬ್ಬು ತಣ್ಣೀರಿಗೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿನಿಂದ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಬೇರಿಂಗೂ ಬ್ರೇಕೂ ಹಾಳಾಗುವುದು ಹೀಗೆ. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿವೆ ಎಂಬ ಮಾತಿಗೆ ಅವನು ಮರುಳಾಗಬಾರದು. ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದಲಿ. 2318 ಎಂದಿದ್ದರೆ ಅದು 2018ರ ಇಪ್ಪತ್ತಮೂರನೆಯ ವಾರದಲ್ಲಿ ತಯಾರಾದ ಟೈರು, ಹೆಚ್ಚು ಓಡದೆಯೂ ಹಳತಾಗಿದೆ. ಟ್ರೈಲರಿನ ತಗಡಿನ ಮೇಲೆ ಬರೆದ ಗರಿಷ್ಠ ಭಾರ ಎಷ್ಟು, ಬ್ರೇಕು ಎಲ್ಲ ಚಕ್ರಗಳಿಗೂ ಇದೆಯೇ ಎಂದು ಕೇಳಿ. ಐದು ಟನ್ ಎಳೆಯುವ ಟ್ರಕ್ ಅವನ ಬಳಿ ಇದೆಯೇ ಎಂಬುದನ್ನೂ ಕೇಳಿ. ಇಲ್ಲದಿದ್ದರೆ ಅವನು ಹೇಳಿರುವ ಬೆಲೆ ಪೂರ್ತಿ ಬೆಲೆಯಾಗಲಾರದು.

ಕೊಂಡ ಮೇಲಿನ ಖರ್ಚನ್ನೂ ಅವನೇ ಬರೆದು ಕಳಿಸಲಿ. ಪೂರ್ಣ ವೇಗದಲ್ಲಿ ಓಡಿಸಿದರೆ ಎರಡೂ ಎಂಜಿನ್ ಸೇರಿ ಗಂಟೆಗೆ ಸುಮಾರು 300 ಲೀಟರ್ ಪೆಟ್ರೋಲ್ ಕುಡಿಯುತ್ತವೆ. ನಿಧಾನಕ್ಕೆ ಓಡಿಸಿದರೆ ಕಡಿಮೆ, ಆದರೆ ನಿಧಾನಕ್ಕೆ ಓಡಿಸಲು ಯಾರೂ ಈ ಬೋಟು ಕೊಳ್ಳುವುದಿಲ್ಲ. ಹಳೆಯ ವೇಗದ ಬೋಟುಗಳಿಗೆ ವಿಮೆ ಕೊಡುವಾಗ ಕಂಪನಿಗಳು ಸರ್ವೇ ವರದಿಯನ್ನೂ ಮಾಲೀಕನ ಅನುಭವವನ್ನೂ ಕೇಳುತ್ತವೆ. ಕೊಳ್ಳುವ ಮೊದಲೇ ವಿಮೆಯ ದರಪಟ್ಟಿ ಅವನ ಕೈಯಲ್ಲಿರಲಿ.

ನಿಮ್ಮ ಶ್ರೀಮತಿಯವರ ಭಯಕ್ಕೆ ನಾನು ಹಣದ ಪ್ರಶ್ನೆಗಿಂತ ಹೆಚ್ಚಿನ ಬೆಲೆ ಕೊಡುತ್ತೇನೆ, ಏಕೆಂದರೆ ಅದು ಆಧಾರವಿಲ್ಲದ ಭಯವಲ್ಲ. ಆ ವೇಗದಲ್ಲಿ ಅಲೆಗೆ ಓರೆಯಾಗಿ ಸಿಕ್ಕರೆ ಬೋಟು ಒಳಗಿದ್ದವರನ್ನು ಹೊರಗೆ ಎಸೆಯಬಲ್ಲದು. ಚಾಲಕನ ಮೈಗೆ ಕಟ್ಟಿದ ಹಗ್ಗವೊಂದು ಎಂಜಿನ್ನಿನ ಸ್ವಿಚ್ಚಿಗೆ ಸೇರಿರುತ್ತದೆ. ಅವನು ಬಿದ್ದ ಕ್ಷಣ ಎಂಜಿನ್ ನಿಲ್ಲುತ್ತದೆ. 26 ಅಡಿಗಿಂತ ಚಿಕ್ಕ ಬೋಟುಗಳಲ್ಲಿ ಅದನ್ನು ಬಳಸಬೇಕೆಂಬ ಕಾನೂನು ಅಲ್ಲಿ 2021ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. 33 ಅಡಿಯದಕ್ಕೆ ಕಾನೂನಿನ ಒತ್ತಾಯವಿಲ್ಲದಿದ್ದರೂ ಅಮ್ಮನಿಗೆ ಕೊಡುವ ಮಾತಿನ ಒತ್ತಾಯವಿರಲಿ. 1988ರ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರು ಫ್ಲಾರಿಡಾದಲ್ಲಿ ಹತ್ತು ಎಚ್‌ಪಿ ಅಥವಾ ಅದಕ್ಕೂ ಮೇಲಿನ ಬೋಟು ನಡೆಸಬೇಕಾದರೆ ಸುರಕ್ಷತಾ ಪಾಠ ಮುಗಿಸಿದ ಗುರುತಿನ ಕಾರ್ಡ್ ಇರಬೇಕು. ನಿಮ್ಮ ಮಗನ ವಯಸ್ಸಿಗೆ ಅದು ಅನ್ವಯಿಸುತ್ತದೆ. ಅವನ ಬಳಿ ಆ ಕಾರ್ಡ್ ಇದೆಯೇ? ಚೆನ್ನಾಗಿ ಈಜು ಬರುತ್ತದೆಯೇ? ಇದಕ್ಕಿಂತ ಚಿಕ್ಕ ಬೋಟನ್ನು ಅವನು ಎಷ್ಟು ಕಾಲ ನಡೆಸಿದ್ದಾನೆ? ಮೊದಲ ಬೋಟೇ 830 ಎಚ್‌ಪಿಯದಾಗಿದ್ದರೆ ನನ್ನ ಉತ್ತರ ಖಂಡಿತವಾಗಿ ಬೇಡ ಎಂದೇ.

ಗದ್ದೆಯ ವಿಷಯಕ್ಕೆ ಬರುತ್ತೇನೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಅದನ್ನು ಸ್ಪಷ್ಟಪಡಿಸಿದೆ. ಅವಳಿಗೆ ತಿಳಿಸದೆ ಮಾತು ಮುಂದುವರಿಸಿದರೆ ನಾಳೆ ಕೋರ್ಟಿನ ಪ್ರಶ್ನೆ ಏಳಬಹುದು, ಅದಕ್ಕಿಂತ ಮೊದಲು ಅವಳ ಮನಸ್ಸು ನೋಯುತ್ತದೆ. ಹಣ ಕಳಿಸುವ ದಾರಿಯಲ್ಲೂ ಒಂದು ತೊಡಕಿದೆ. ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ದಾಟಿ ವಿದೇಶಕ್ಕೆ ಹೀಗೆ ಕಳಿಸಿದರೆ, ದಾಟಿದ ಮೊತ್ತದ ಮೇಲೆ ಬ್ಯಾಂಕು ಶೇಕಡಾ 20ರಷ್ಟು ತೆರಿಗೆಯನ್ನು ಮುಂಚಿತವಾಗಿ ಹಿಡಿಯುತ್ತದೆ. ಇಪ್ಪತ್ತೈದು ಲಕ್ಷಕ್ಕೆ ಅದು ಮೂರು ಲಕ್ಷವಾಗುತ್ತದೆ. ರಿಟರ್ನ್ ಸಲ್ಲಿಸಿ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಆ ಹಣವನ್ನು ನೀವೇ ಹೊಂದಿಸಬೇಕು. ಮೂರು ವರ್ಷದಲ್ಲಿ 28,000 ಡಾಲರ್ ತೀರಿಸುವ ಶಕ್ತಿ ಅವನಿಗಿದ್ದರೆ ಅವನು ಕೆಲಸ ಮಾಡುವ ಊರಿನಲ್ಲೇ ಬೋಟಿಗೆ ಸಾಲ ಕೇಳಬಹುದು, ಇಲ್ಲವೇ ಇನ್ನೆರಡು ವರ್ಷ ಉಳಿಸಬಹುದು. ಗದ್ದೆ ಮಾತ್ರ ಒಮ್ಮೆ ಹೋದರೆ ಅದೇ ನಾಲೆಯ ನೀರು ಹರಿಯುವ ಎಕರೆ ನಿಮಗೆ ಮತ್ತೆ ಸಿಗುವುದಿಲ್ಲ.

ಮುಂದಿನ ಸಲ ಮಗ ಫೋನ್ ಮಾಡಿದಾಗ ಹಣದ ಮಾತು ಎತ್ತುವ ಮುನ್ನ ಬೋಟಿನ ಬಗ್ಗೆ ಅರ್ಧ ಗಂಟೆ ಕೇಳಿ. ಅಪ್ಪ ಕಂಪ್ರೆಷನ್ ಬಗ್ಗೆ, ಟೈರಿನ ವಾರದ ಬಗ್ಗೆ ಕೇಳುವುದನ್ನು ಕಂಡಾಗ, ನೀವು ತನ್ನ ಆಸೆಯನ್ನು ಕಡೆಗಣಿಸಿಲ್ಲವೆಂದು ಅವನಿಗೆ ಅರ್ಥವಾಗುತ್ತದೆ. ಆಮೇಲೆ ಹೇಳಿ: ಗದ್ದೆ ಮಾರುವುದಿಲ್ಲ, ಆದರೆ ಸರ್ವೇ ಮತ್ತು ಮೆಕ್ಯಾನಿಕ್ ಖರ್ಚನ್ನು ನನ್ನ ಪಿಂಚಣಿಯ ಉಳಿತಾಯದಿಂದ ಕೊಡುತ್ತೇನೆ, ವರದಿಯನ್ನು ನನಗೂ ಕಳಿಸು. ಆ ಕರೆಯಲ್ಲಿ ಅವನ ತಾಯಿಯೂ ಪಕ್ಕದಲ್ಲಿರಲಿ, ಈಜಿನ ಪ್ರಶ್ನೆಯನ್ನು ಅವರೇ ಕೇಳಲಿ. ಮಗಳಿಗೆ ಈ ವಾರವೇ ಮೈಸೂರಿಗೆ ಹೋಗಿ ಎದುರಿಗೆ ಕೂತು ಎಲ್ಲವನ್ನೂ ಹೇಳಿ. ಪಕ್ಕದ ಗದ್ದೆಯವರಿಗೂ ಜಮೀನು ಮಾರಾಟಕ್ಕಿಲ್ಲವೆಂದು ತಿಳಿಸಿ, ಮುಂಗಡದ ಹಣವನ್ನು ಮುಟ್ಟಬೇಡಿ.